ಮಾಮನ ಪಿಸ್ತೂಲು ಬಿಡಿಸುವ ಕೆಲಸ

ಅಕ್ಕ ಅಮೆರಿಕದಿಂದ ಫೋನ್ ಮಾಡಿದಾಗ ನಾನು ಬೊಬ್ಲಿಂಗೆನ್ನಿನ ನನ್ನ ಪುಟ್ಟ ಮನೆಯಲ್ಲಿ ಕುಕ್ಕರಿನ ಮುಚ್ಚಳದ ಜೊತೆ ಗುದ್ದಾಡುತ್ತಿದ್ದೆ. ಮೂರು ವರ್ಷದಿಂದ ಜರ್ಮನಿಯಲ್ಲಿ ಕಾರಿನ ಬ್ರೇಕಿಗೆ ಸಾಫ್ಟ್‌ವೇರ್ ಬರೆಯುತ್ತಿದ್ದೇನೆ. ಕುಕ್ಕರಿನ ಮುಚ್ಚಳ ಹಾಕುವುದು ಮಾತ್ರ ಇನ್ನೂ ಕೈಗೆ ಹತ್ತಿಲ್ಲ.

"ನವರಾತ್ರಿಗೆ ನಿನ್ನ ಕಡೆ ಬರಾಕತ್ತೀವಿ, ಎರಡು ವಾರ," ಅಂದಳು. "ನಿನಗೊಂದು ಕೆಲಸ ಐತಿ. ನಿಮ್ಮ ಮಾಮಾ ಮಲಗೂ ಖೋಲ್ಯಾಗ ಎರಡು ಪಿಸ್ತೂಲ್ ಇಟ್ಕೊಂಡಾರ. ಡ್ರಾವರ್‌ನ್ಯಾಗ. ಮಗಳಿಗೆ ಈಗ ಐದು ವರ್ಷ. ಅವು ಮನಿ ಬಿಟ್ಟು ಹೋಗೂತನಕ ನಾನು ಮಗಳನ್ನ ಕರಕೊಂಡು ವಾಪಸ್ ಹೋಗಂಗಿಲ್ಲ."

"ಮಾಮಾಗ ಹೇಳಿಯೇನ ಇದನ್ನ?"

"ಹೇಳೇನಿ. ಚಾಷ್ಟಿ ಅನ್ಕೊಂಡು ನಕ್ಕಬಿಡ್ತಾರ. ನೀ ತಿಳಿಸಿ ಹೇಳು."

"ನಾ ಹೇಳಿದ್ರ ಕೇಳ್ತಾರೇನ?"

"ಕೇಳಂಗಿಲ್ಲ. ಆದ್ರ ನನಗ ಹೇಳಿ ಹೇಳಿ ಸಾಕಾಗೇತಿ. ಎರಡು ವಾರ ನೀ ಹೇಳು."

ನನ್ನ ಮೇಲೆ ಆಕೆಗಿರುವ ಭರವಸೆ ಯಾವತ್ತೂ ಇಷ್ಟೇ. ಆದರೂ ಒಪ್ಪಿಕೊಂಡೆ. ಮಾತಿನಲ್ಲಿ ಯಾರನ್ನಾದರೂ ಗೆಲ್ಲಬಲ್ಲೆ ಎಂಬ ಭ್ರಮೆ ನನಗೆ ಹುಬ್ಬಳ್ಳಿಯ ಕಾಲೇಜಿನಿಂದಲೇ ಇತ್ತು. ಅಲ್ಲಿನ ಚರ್ಚಾಸ್ಪರ್ಧೆಯಲ್ಲಿ ನನಗೆ ಮೂರನೇ ಬಹುಮಾನ ಬಂದಿತ್ತು. ಸ್ಪರ್ಧಿಗಳು ಮೂವರೇ ಇದ್ದರು.

ಅಕ್ಕನ ಗಂಡ, ಅಂದರೆ ಮಾಮಾ, ಜಿರಲೆ ಕಂಡರೆ ಕುರ್ಚಿ ಹತ್ತುವ ಮನುಷ್ಯ. ಅಂಥವರ ಕೈಗೆ ಪಿಸ್ತೂಲು ಬಂದದ್ದು ಹೆದರಿಕೆಯಿಂದಲೇ. ಅಮೆರಿಕದಲ್ಲಿ ಒಂದು ಚುನಾವಣೆ ಹತ್ತಿರ ಬಂದಾಗ ಆಫೀಸಿನಲ್ಲಿ ಯಾರೋ ಹೇಳಿದರಂತೆ: ಈ ಪಕ್ಷ ಗೆದ್ದರೆ ಬಂದೂಕಿನ ಅಂಗಡಿಗಳನ್ನೆಲ್ಲ ಮುಚ್ಚಿಸುತ್ತಾರೆ, ಬೇಕಿದ್ದರೆ ಈಗಲೇ ತಗೋ. ಮಾಮಾಗೆ ಬೇಕಿರಲಿಲ್ಲ. ಆದರೆ ಇನ್ನು ಮುಂದೆ ಸಿಗುವುದಿಲ್ಲ ಎಂದ ಕೂಡಲೇ ಬೇಕೆನಿಸಿತು. ಭಾರತದಿಂದ ಅಕ್ಕಿ ಬರುವುದು ನಿಂತುಹೋಗುತ್ತದಂತೆ ಎಂದಾಗ ಎಂಟು ಚೀಲ ಸೋನಾ ಮಸೂರಿ ತಂದು ಮಂಚದ ಕೆಳಗೆ ತುರುಕಿದ್ದರು. ಇದೂ ಹಾಗೆಯೇ. ಆ ಪಕ್ಷ ಗೆದ್ದಿತು. ಅಂಗಡಿಗಳು ತೆರೆದೇ ಇದ್ದವು.

ಮುಂದಿನ ಚುನಾವಣೆಗೆ ಎದುರು ಪಕ್ಷದ ಗಾಳಿ ಎದ್ದಿತು. ಹೊರಗಿನಿಂದ ಬಂದವರ ಮೇಲೆ ಭಾಷಣಗಳು ಶುರುವಾದವು. ದೇವಸ್ಥಾನದ ವಾಟ್ಸಾಪ್ ಗುಂಪಿನಲ್ಲಿ "ನಮ್ಮ ಬಣ್ಣದವರು ಹುಷಾರಾಗಿರಬೇಕು" ಎಂಬ ಸಂದೇಶ ಸುತ್ತಾಡಿತು. ಮಾಮಾ ಎರಡನೆಯದನ್ನು ತಂದರು. ಅದರ ಜೊತೆ ಬಂದೂಕುದಾರರ ಸಂಘವೊಂದರ ಸದಸ್ಯತ್ವ ಪುಕ್ಕಟೆ, ಒಂದು ಟೋಪಿಯೂ ಪುಕ್ಕಟೆ. ಸಂಘ ದಿನಕ್ಕೆರಡು ಇಮೇಲ್ ಕಳಿಸುತ್ತಿತ್ತು. ಒಂದು ವರ್ಷ ಅವನ್ನೆಲ್ಲ ಓದಿದ ಮಾಮಾ, ಯಾವ ಪಕ್ಷಕ್ಕೆ ಹೆದರಿ ಎರಡನೇ ಪಿಸ್ತೂಲು ತಂದರೋ ಅದೇ ಪಕ್ಷದ ಬೋರ್ಡನ್ನು ಮನೆ ಮುಂದೆ ನೆಟ್ಟರು. ಈಗ ಅವರ ಹೆದರಿಕೆಯೆಲ್ಲ ಮೊದಲನೇ ಪಕ್ಷದವರದು. ಆ ಪಕ್ಷದ ಬೋರ್ಡು ಪಕ್ಕದ ಮನೆಯ ಮುದುಕನ ಅಂಗಳದಲ್ಲಿತ್ತು. ಎರಡು ವರ್ಷದಿಂದ ಇಬ್ಬರಿಗೂ ಮಾತಿಲ್ಲ.

ನಾನು ನಕ್ಕೆ ಎಂದರೆ ಸುಳ್ಳಾಗುತ್ತದೆ. ಇಲ್ಲಿ ಜರ್ಮನಿಯ ಚುನಾವಣೆಯ ವಾರ ನಮ್ಮ ಕನ್ನಡ ಗುಂಪಿನಲ್ಲೂ "ಸಂಜೆ ಒಬ್ಬೊಬ್ಬರೇ ಓಡಾಡಬೇಡಿ" ಎಂಬ ಸಂದೇಶ ಬಂದಿತ್ತು. ಯಾರು ಬರೆದರು, ಏನಾಯಿತು ಎಂದು ಯಾರಿಗೂ ಗೊತ್ತಿರಲಿಲ್ಲ. ನಾನು ಮರುದಿನವೇ ನಾಯಿ ಓಡಿಸಲೆಂದು ಮಾರುವ ಖಾರದ ಸ್ಪ್ರೇ ತಂದೆ. ಭಾನುವಾರ ಬಾಲ್ಕನಿಯಲ್ಲಿ ಪರೀಕ್ಷೆ ಮಾಡಿದೆ. ಗಾಳಿ ಯಾವ ಕಡೆಯಿಂದ ಬರುತ್ತಿದೆ ಎಂದು ನೋಡಿಕೊಳ್ಳಲಿಲ್ಲ. ಅರ್ಧ ಗಂಟೆ ಕೆಮ್ಮಿ, ಅತ್ತು, ನೆಲಕ್ಕೆ ಬಿದ್ದು ಹೊರಳಾಡಿದೆ. ಕೆಳಮನೆಯ ಅಜ್ಜಿ ಬಂದು ಬಾಗಿಲು ತಟ್ಟಿದಳು. ಇವತ್ತು ಭಾನುವಾರ, ಗದ್ದಲ ಮಾಡಬಾರದ ದಿನ, ಸ್ವಲ್ಪ ಮೆಲ್ಲಗೆ ಕೆಮ್ಮು ಎಂದು ಹೇಳಿ ಹೋದಳು.

ಅಕ್ಕನ ಸಂಸಾರ ಬಂದ ಎರಡನೇ ದಿನವೇ ನಾನು ಮಾಮಾಗೆ ಮನೆಯಲ್ಲಿ ಬಂದೂಕು ಇಡುವ ಅಪಾಯದ ಬಗ್ಗೆ ಲ್ಯಾಪ್‌ಟಾಪಿನಲ್ಲಿ ಹನ್ನೆರಡು ಸ್ಲೈಡು ತೋರಿಸಿದೆ. ನಾಲ್ಕನೇ ಸ್ಲೈಡಿಗೆ ಅವರು ನಿದ್ದೆಹೋದರು. ಆರನೆಯದಕ್ಕೆ ನಾನೂ.

ಖಂಡೇ ಪೂಜೆಯ ದಿನ ಮತ್ತೆ ಪ್ರಯತ್ನಿಸಿದೆ. ದಕ್ಷಿಣದವರು ಆಯುಧ ಪೂಜೆ ಅನ್ನುತ್ತಾರಲ್ಲ, ಅದೇ. ಮೇಜಿನ ಮೇಲೆ ನನ್ನ ಆಯುಧಗಳನ್ನು ಸಾಲಾಗಿ ಇಟ್ಟೆವು: ಲ್ಯಾಪ್‌ಟಾಪು, ಸ್ಕ್ರೂಡ್ರೈವರು, ಸೈಕಲ್ಲಿನ ಬೀಗ, ಆ ಕುಕ್ಕರು. ಭಕ್ತಿ ಹೆಚ್ಚಾಗಿ ನಾನು ಕುಂಕುಮವನ್ನು ಲ್ಯಾಪ್‌ಟಾಪಿನ ಕ್ಯಾಮೆರಾದ ಮೇಲೇ ಹಚ್ಚಿದೆ. ಮುಂದಿನ ವಾರವಿಡೀ ಆಫೀಸಿನ ಮೀಟಿಂಗುಗಳಲ್ಲಿ ನನ್ನ ಮುಖ ಕೆಂಪಗೆ ಕಾಣುತ್ತಿತ್ತು. ಜ್ವರವಿದ್ದರೆ ರಜೆ ಹಾಕು ಎಂದು ಮ್ಯಾನೇಜರು ಎರಡು ಸಲ ಹೇಳಿದರು.

ಮಂಗಳಾರತಿ ಆದ ಮೇಲೆ ಮಾಮಾ ಫೋನಿನಲ್ಲಿ ಹೋದ ವರ್ಷದ ಪೂಜೆಯ ಫೋಟೋ ತೋರಿಸಿದರು. ಬೆಳ್ಳಿಯ ತಟ್ಟೆಯಲ್ಲಿ ಎರಡು ಪಿಸ್ತೂಲು, ಕುಂಕುಮ, ಚೆಂಡುಹೂವು.

"ಪೂಜಾ ಮಾಡಿದ್ದನ್ನ ಮಾರಾಕ ಬರ್ತದೇನೋ? ನೀನ ಹೇಳು."

"ಹಳೇ ಕಾರಿಗೂ ಪೂಜಾ ಮಾಡಿದ್ರಿ," ಅಂದಳು ಅಕ್ಕ ಅಡುಗೆಮನೆಯಿಂದ. "ದೀಪಾವಳಿಗೆ ಮಾರಿದ್ರಿ."

ಇದೇ ಸಮಯವೆಂದು ನಾನು ಪಾಂಡವರನ್ನು ಕರೆತಂದೆ. "ಮಾಮಾ, ಪಾಂಡವರಂಥಾ ಪಾಂಡವರು ಬನ್ನಿ ಗಿಡದ ಮ್ಯಾಲೆ ಆಯುಧ ಇಟ್ಟು ಹೋದ್ರು. ಒಂದು ವರ್ಷ ಬರಿಗೈಲೆ ಪರದೇಶದಾಗ ನೌಕರಿ ಮಾಡಿದ್ರು. ನಾವೂ ಪರದೇಶದಾಗ ನೌಕರಿ ಮಾಡಾವ್ರು."

ಮಾಮಾ ಯೋಚಿಸಿದರು. ಗೆದ್ದೆ ಅಂದುಕೊಂಡೆ.

"ಒಂದು ವರ್ಷ ಆದಮ್ಯಾಲೆ ಏನ್ ಮಾಡಿದ್ರಪಾ?"

"...ವಾಪಸ್ ತಗೊಂಡ್ರು."

"ತಗೊಂಡು?"

"ಯುದ್ಧ ಮಾಡಿದ್ರು."

"ಹೋಳಿಗಿ ತಿನ್ನು," ಅಂದರು ಮಾಮಾ.

ನನಗೆ ಉಳಿದ ಉಪಾಯ ಜರ್ಮನಿಯ ಕಾಗದಪತ್ರ ಒಂದೇ. ಇಲ್ಲಿಯ ಅರ್ಜಿ ನಮೂನೆಗಳನ್ನು ಕಂಡು ಮದುವೆಯ ಆಸೆಯನ್ನೇ ಕೈಬಿಟ್ಟವರನ್ನು ನಾನು ಬಲ್ಲೆ. ಪಿಸ್ತೂಲಿನ ಆಸೆ ಯಾವ ಲೆಕ್ಕ? ನಮ್ಮ ಆಫೀಸಿನಲ್ಲಿ ನಿವೃತ್ತಿಗೆ ಹತ್ತಿರವಾದ ಒಬ್ಬ ಜರ್ಮನ್ ಸಹೋದ್ಯೋಗಿ ಇದ್ದಾನೆ. ಅವನು ತನ್ನ ಹಳ್ಳಿಯ ಶುಟ್ಸನ್‌ಫೆರೈನಿನ, ಅಂದರೆ ಗುರಿಕಾರರ ಸಂಘದ, ಹಳೇ ಸದಸ್ಯ. ಶನಿವಾರ ನಮ್ಮೆಲ್ಲರನ್ನೂ ಅಲ್ಲಿಗೆ ಕರೆದ.

ಅವನು ನಿಧಾನವಾಗಿ ಎಲ್ಲ ವಿವರಿಸಿದ. ಸ್ವಂತ ಬಂದೂಕು ಬೇಕೆಂದರೆ ಮೊದಲು ಸಂಘದಲ್ಲಿ ತಿಂಗಳುಗಟ್ಟಲೆ ಅಭ್ಯಾಸ, ಪರೀಕ್ಷೆ, ಯಾಕೆ ಬೇಕು ಎನ್ನುವುದಕ್ಕೆ ಕಾರಣ, ಮನೆಯಲ್ಲಿ ಉಕ್ಕಿನ ಕಪಾಟು. ಕಪಾಟು ಸರಿಯಾಗಿದೆಯೇ ಎಂದು ಸರ್ಕಾರಿ ಕಚೇರಿಯವರು ಹೇಳದೆ ಕೇಳದೆ ಬಂದು ನೋಡಬಹುದು. ಮಾಮಾ ಬೇಸರಪಡಲಿ ಎಂದು ನಾನು ಕಾಯುತ್ತಿದ್ದೆ. ಅವರು ಪುರಾಣ ಕೇಳುವವರಂತೆ ಕೈಕಟ್ಟಿ ಕೇಳಿದರು.

ಆಮೇಲೆ ಅತಿಥಿಗಳಿಗೆ ಗಾಳಿಬಂದೂಕು ಕೊಟ್ಟರು. ಮಾಮಾನ ಹತ್ತರಲ್ಲಿ ಏಳು ಗುಂಡು ನಡುವಿನ ಕರಿಯ ವೃತ್ತದಲ್ಲೇ ಬಿದ್ದವು. ನನ್ನವು ಎಲ್ಲಿ ಹೋದವು ಎಂದು ಇವತ್ತಿಗೂ ಗೊತ್ತಿಲ್ಲ, ಒಂದನ್ನು ಬಿಟ್ಟು. ಪಕ್ಕದಲ್ಲಿ ಹೊಡೆಯುತ್ತಿದ್ದ ಹೆಂಗಸಿನ ಕಾಗದದಲ್ಲಿ ಹತ್ತು ಗುಂಡಿಗೆ ಹನ್ನೊಂದು ತೂತು ಸಿಕ್ಕವು. ಹನ್ನೊಂದನೆಯದೇ ಎಲ್ಲಕ್ಕಿಂತ ಚೆನ್ನಾಗಿ ಬಿದ್ದಿತ್ತು. ಆಕೆ ನನ್ನ ಕೈ ಕುಲುಕಿದಳು. ಮಾಮಾ ಎದೆ ಉಬ್ಬಿಸಿಕೊಂಡು ಹೊರಗೆ ಬಂದರು. ಅಕ್ಕ ನನ್ನನ್ನು ನೋಡಿದ ನೋಟವನ್ನು ಬರೆದು ತಿಳಿಸಲು ಆಗುವುದಿಲ್ಲ.

ಕಾಫಿ ಕುಡಿಯುವಾಗ ಸಹೋದ್ಯೋಗಿ ಇಂಗ್ಲಿಷಿನಲ್ಲಿ ಸುಮ್ಮನೆ ವಿಚಾರಿಸಿದ. "ನಿಮ್ಮ ಪಿಸ್ತೂಲುಗಳು ಈಗ ಎಲ್ಲಿವೆ?"

"ಮನೆಯಲ್ಲಿ. ಮಲಗುವ ಕೋಣೆಯ ಡ್ರಾವರಿನಲ್ಲಿ."

"ಬೀಗ?"

"ಮನೆಗೆ ಬೀಗ ಹಾಕಿದೆ."

"ಹಾಗಾದರೆ ಮನೆಯೊಳಗೆ ಯಾರೂ ಬರುವುದಿಲ್ಲ."

ಮಾಮಾ ಕಪ್ಪು ಕೆಳಗಿಟ್ಟರು. ಯಾರೂ ಬರುವುದಿಲ್ಲ ಎನ್ನುವಂತಿರಲಿಲ್ಲ. ಮನೆಯ ಕೀಲಿಕೈ ಪಕ್ಕದ ಮನೆಯ ಮುದುಕನ ಹತ್ತಿರ ಇತ್ತು. ಎರಡು ವಾರ ತುಳಸಿಗೆ ನೀರಿಲ್ಲದಿದ್ದರೆ ಹೇಗೆ ಎಂದು ಅಕ್ಕನೇ ಕೊಟ್ಟು ಬಂದಿದ್ದಳು. ಗಂಡಸರ ಬೋರ್ಡುಗಳಿಗೂ ಆಕೆಗೂ ಸಂಬಂಧವಿರಲಿಲ್ಲ. ದಿನಾ ಸಂಜೆ ನನ್ನ ಮನೆಯಿಂದ ಆಕೆ ವಿಡಿಯೋ ಕಾಲ್ ಮಾಡುವಳು. ಅಲ್ಲಿ ಆಗ ಬೆಳಿಗ್ಗೆ. ಮುದುಕ ಆಕೆ ಹೇಳಿಕೊಟ್ಟಂತೆ ಬೂಟು ಬಿಚ್ಚಿಟ್ಟು ಒಳಗೆ ಹೋಗಿ ನೀರು ಹಾಕಿ, ಎಲೆ ತೋರಿಸುತ್ತಿದ್ದ. ಆ ಹೊತ್ತಿಗೆ ಮಾಮಾ ಬೇಕಂತಲೇ ಬಾಲ್ಕನಿಗೆ ಹೋಗಿರುತ್ತಿದ್ದರು.

"ತುಳಸಿ ಹೊರಗದ ಅಲ್ಲೇನ?" ಅಂದರು ಮಾಮಾ.

"ಥಂಡಿ ಅಂತ ಹೊರಡೂ ಮುಂದ ಒಳಗಿಟ್ಟೇನಿ. ನಮ್ಮ ಮಲಗೂ ಖೋಲಿ ಕಿಡಕ್ಯಾಗ. ಅಲ್ಲೇ ಬಿಸಲು ಬರ್ತೈತಿ."

ಯಾರಿಗೆ ಹೆದರಿ ಪಿಸ್ತೂಲು ಇಟ್ಟುಕೊಂಡಿದ್ದರೋ, ಆ ಮನುಷ್ಯ ದಿನಾ ಬೆಳಿಗ್ಗೆ ಡ್ರಾವರಿನಿಂದ ಎರಡೇ ಹೆಜ್ಜೆ ದೂರದಲ್ಲಿ ಕಾಲುಚೀಲದಲ್ಲಿ ನಿಂತು ನೀರು ಹಾಕುತ್ತಿದ್ದ. ನಾನು ಜೋಕು ಮಾಡಲು ಬಾಯಿ ತೆರೆದೆ. ಅಕ್ಕನ ಮುಖ ನೋಡಿ ಕಾಫಿ ಕುಡಿದೆ.

ಅವತ್ತು ಸಂಜೆ ಮಾಮಾ ಬಾಲ್ಕನಿಗೆ ಹೋಗಲಿಲ್ಲ. ಎರಡು ವರ್ಷದಲ್ಲಿ ಮೊದಲ ಸಲ ಫೋನಿನಲ್ಲಿ ಮುದುಕನ ಮುಖ ನೋಡಿ, ತಡವರಿಸುತ್ತ, ಆ ಡ್ರಾವರು ಸರಿಯಾಗಿ ಮುಚ್ಚಿದೆಯೇ ನೋಡುತ್ತೀರಾ ಎಂದು ಕೇಳಿದರು.

"ಮೊದಲ ದಿನ ನಾನೇ ಮುಚ್ಚಿದೆ," ಅಂದ ಮುದುಕ. "ನಾನು ಬಂದಾಗ ಅರ್ಧ ತೆರೆದಿತ್ತು. ಒಳಗಿದ್ದುದನ್ನು ನೋಡಿದೆ. ನನ್ನ ಹತ್ತಿರವೂ ಇದೆ, ಆದರೆ ಕಪಾಟಿನಲ್ಲಿ ಬೀಗ ಹಾಕಿಡುತ್ತೇನೆ. ನಿಮ್ಮ ಮನೆಯಲ್ಲಿ ಮಗು ಇದೆ. ನಿಮಗೆ ಯಾರ ಹೆದರಿಕೆ?"

ಮಾಮಾ ಫೋನಿನ ಕಡೆ ನೋಡಿದರು. "ಯಾರದೂ ಅಂತಲ್ಲ," ಅಂದರು. "ಸುಮ್ಮನೆ. ಜನರಲ್."

ಫೋನು ಇಟ್ಟ ಮೇಲೆ ಮಾಮಾ ನಮ್ಮ ಕಡೆ ತಿರುಗಿದರು. "ನಾ ಮುಚ್ಚೇ ಬಂದಿದ್ದೆ. ದೇವರಾಣಿ. ಅಂವನ ತಗದಿರಬೇಕು."

ನೆಲದ ಮೇಲೆ ಕೂತು ಚಿತ್ರಕ್ಕೆ ಬಣ್ಣ ತುಂಬುತ್ತಿದ್ದ ಮಗಳು ತಲೆ ಎತ್ತದೆ ಹೇಳಿದಳು: "ಐ ಓಪನ್ಡ್ ಇಟ್. ಐ ವಾಸ್ ಲುಕಿಂಗ್ ಫಾರ್ ಮೈ ಕ್ಲಿಪ್."

ಜಗಳ ಆಗಲಿಲ್ಲ. ಅಕ್ಕ ಎದ್ದು ಹೋಗಿ ಮಗಳ ಪಾಸ್‌ಪೋರ್ಟನ್ನು ಮಾಮಾನ ಚೀಲದಿಂದ ತೆಗೆದು ತನ್ನ ಪರ್ಸಿನಲ್ಲಿ ಹಾಕಿಕೊಂಡಳು. ಇದು ಚಾಷ್ಟಿಯಲ್ಲ ಎಂದು ಮಾಮಾಗೆ ತಿಳಿದದ್ದು ಆಗ.

ಮಾಮಾನ ರಜೆ ಮುಗಿಯಿತು. ಒಬ್ಬರೇ ವಿಮಾನ ಹತ್ತಿದರು. ಅಕ್ಕ ಮತ್ತು ಮಗಳು ನನ್ನ ಹಾಸಿಗೆಯಲ್ಲಿ, ನಾನು ನೆಲದ ಮೇಲೆ. ತಮ್ಮಿಬ್ಬರ ಟಿಕೆಟ್ಟು ರದ್ದು ಮಾಡುವ ಕೆಲಸವನ್ನು ಅಕ್ಕ ನನಗೆ ಕೊಡಲಿಲ್ಲ. ಬುದ್ಧಿವಂತೆ.

ಒಂದು ವಾರಕ್ಕೆ ಫೋಟೋ ಬಂತು. ಅಂಗಡಿಗೆ ಮಾರಿದ ರಶೀದಿ. ಹಿಂದೆಯೇ ಮಾಮಾನ ಫೋನು.

"ತಗೊಳ್ಳಾವ್ರ ಪಾಳಿ ರಸ್ತೆತನಕ ಐತಿ. ಮಂಗಳವಾರ ಓಟಿಂಗ್ ನೋಡು. ಮಾರಾಕ ಬಂದಾಂವ ನಾ ಒಬ್ಬನ. ಮನ್ಯಾಗ ಯಾರರ ತೀರಿಕೊಂಡ್ರೇನು ಅಂತ ಕೇಳಿದ ಅಂಗಡ್ಯಾಂವ. ಒಂದು ವಾರ ತಡೀರಿ, ಯಾರು ಗೆದ್ರೂ ರೇಟು ಏರ್ತೈತಿ ಅಂದ."

"ಇದರಾಗ ಒಂದ ಐತಿ," ಅಂದಳು ಅಕ್ಕ. "ಇನ್ನೊಂದು?"

"ರಿಸಲ್ಟ್ ಒಂದು ನೋಡಿ..."

"ಆತು. ನಾನೂ ರಿಸಲ್ಟ್ ನೋಡೇ ಟಿಕೆಟ್ ತಗೀತೀನಿ."

ಎರಡನೇ ರಶೀದಿ ಸೋಮವಾರ ಬಂತು, ಫಲಿತಾಂಶಕ್ಕಿಂತ ಮೊದಲು. ಅಕ್ಕ ಫೋಟೋವನ್ನು ಹಿಗ್ಗಿಸಿ ರಶೀದಿಯಲ್ಲಿದ್ದ ಪಿಸ್ತೂಲಿನ ಸಂಖ್ಯೆಯನ್ನು ಹೋದ ವರ್ಷದ ಪೂಜೆಯ ಫೋಟೋದ ಜೊತೆ ಒಂದೊಂದೇ ಅಂಕಿ ತಾಳೆ ನೋಡಿದಳು. ಮಾಮಾ ಪಕ್ಷವನ್ನೇನೂ ಬದಲಿಸಲಿಲ್ಲ. ಅಂಗಳದ ಬೋರ್ಡು ಹಾಗೇ ಇತ್ತು. ಅದರ ಬಗ್ಗೆ ಅಕ್ಕ ಕೇಳಲೂ ಇಲ್ಲ. ಸೂಟ್‌ಕೇಸು ಹೊರಗೆ ತೆಗೆದು ಮಗಳ ಸ್ವೆಟರು ಮಡಚತೊಡಗಿದಳು. ಸ್ಪೀಕರಿನಲ್ಲಿಟ್ಟ ಫೋನಿನಿಂದ ಮಾಮಾನ ದನಿ ಬರುತ್ತಿತ್ತು.

"ಎಲ್ಲಾ ಖರೆ. ಆದ್ರ ರಾತ್ರಿ ಕೆಳಗ ಏನರ ಸಪ್ಪಳ ಆತಂದ್ರ ಏನ್ ಮಾಡ್ಲಿ ಹೇಳು?"

"ನನ್ನ ಎಬ್ಬಸ್ರಿ," ಅಂದಳು ಅಕ್ಕ.