ಕೂಲಿಗೆ ಆಡಿದವನಲ್ಲ

೧೯೬೨ರಲ್ಲಿ ನಾನು ಕೊಡಿಯಾಲ್‌ಬೈಲಿನ ಒಬ್ಬ ಹಿರಿಯ ವಕೀಲರ ಕೈಕೆಳಗೆ ಜೂನಿಯರ್ ಆಗಿದ್ದೆ. ಕರಿಕೋಟು ಹಾಕುವ ಮೊದಲು ನನ್ನ ಹೊಟ್ಟೆ ಹೊರೆದದ್ದು ಫುಟ್ಬಾಲು. ಒಂದು ಹಂಚಿನ ಕಾರ್ಖಾನೆಯವರು ನನ್ನನ್ನು ಗುಮಾಸ್ತ ಅಂತ ಸೇರಿಸಿಕೊಂಡಿದ್ದರು. ನಾನು ಪೆನ್ನು ಹಿಡಿಯುತ್ತಿದ್ದದ್ದು ಸಂಬಳಕ್ಕೆ ಸಹಿ ಹಾಕುವಾಗ ಮಾತ್ರ. ಬೆಳಗ್ಗೆ ಓಟ, ಸಂಜೆ ಆಟ. ಮೊಣಕಾಲು ಕೈಕೊಟ್ಟ ಮೇಲೆ ಮದ್ರಾಸಿಗೆ ಹೋಗಿ ಕಾನೂನು ಓದಿದೆ.

ಒಂದು ವಿಚಿತ್ರ ಹೇಳಬೇಕು. ಸಂಬಳಕ್ಕಾಗಿ ಆಡುತ್ತೇವೆಂದು ನಮ್ಮಲ್ಲಿ ಒಬ್ಬನೂ ಬಾಯಿ ಬಿಡುತ್ತಿರಲಿಲ್ಲ. ಮೈದಾನದಲ್ಲಿ ‘ಕೂಲಿಗೆ ಆಡುವವ’ ಎಂಬುದಕ್ಕಿಂತ ದೊಡ್ಡ ಬೈಗುಳ ಇರಲಿಲ್ಲ. ಆ ಒಂದು ಮಾತಿಗೆ ಮೂಗು ಒಡೆದದ್ದೂ ಉಂಟು.

ನಮ್ಮ ಟೀಮಿನ ಗೋಲ್‌ಕೀಪರ್ ಬಂದರಿನ ಹಮೀದ್. ಹೆಸರಿಗೆ ಕಾರ್ಖಾನೆಯ ಆವಿಗೆಯಲ್ಲಿ ಹಂಚು ಸುಡುವ ಕೆಲಸ. ನಾನು ಬಿಟ್ಟ ಮೇಲೂ ಅವನು ಆಡುತ್ತಿದ್ದ. ಒಂದು ಪಂದ್ಯದಲ್ಲಿ ಚೆಂಡಿಗೆ ಹಾರಿ ಗೋಲುಕಂಬಕ್ಕೆ ಬಡಿದು ಸೊಂಟ ಮುರಿಯಿತು. ಒಂದು ಕಾಲು ಗಿಡ್ಡವಾಯಿತು. ಆಟ ಕೆಲಸವಲ್ಲ ಎಂದು ಹೇಳಿ ಕಾರ್ಖಾನೆ ಅವನನ್ನು ಕೈಬಿಟ್ಟಿತು. ಅವನ ಕೊರಳಿಗೆ ಹಾರ ಹಾಕಿ ಫೋಟೋ ಹೊಡೆಸಿಕೊಂಡ ಅದೇ ಜನ! ಈಗಲೂ ನೆನೆದರೆ ಮೈ ಉರಿಯುತ್ತದೆ.

ಕಾರ್ಮಿಕ ಪರಿಹಾರದ ಕಮಿಷನರರ ಮುಂದೆ ಅರ್ಜಿ ಹಾಕಿದೆ. ಕಾನೂನು ಸರಳ: ಕೆಲಸದ ನಿಮಿತ್ತ ಆದ ಗಾಯಕ್ಕೆ ಮಾತ್ರ ಪರಿಹಾರ. ಆದ್ದರಿಂದ ಆಟವೇ ಅವನ ಕೆಲಸ, ಅದಕ್ಕೇ ಸಂಬಳ ಎಂದು ಸಾಬೀತಾಗಬೇಕು. ಪರಿಹಾರ ಸಿಕ್ಕಿದರೆ ಅವನಿಗೊಂದು ಬೀಡಿ ಅಂಗಡಿ, ಸಿಗದಿದ್ದರೆ ಮನೆಯಲ್ಲಿ ಒಲೆ ಉರಿಯುವುದಿಲ್ಲ.

“ಸಂಬಳಕ್ಕೆ ಆಡಿದೆ, ಮ್ಯಾನೇಜರ್ ಹೇಳಿದ್ದಕ್ಕೆ ಆಡಿದೆ. ನಿಜವನ್ನೇ ಹೇಳು, ಅಷ್ಟು ಸಾಕು” ಎಂದು ಹಮೀದನಿಗೆ ಹೇಳಿದೆ.

“ಆಯ್ತು ಪೊರ್ಬುಗಳೇ, ಹೇಳ್ತೇನೆ” ಎಂದ. ನಾನು ಕ್ರಿಶ್ಚಿಯನ್ ಆದ್ದರಿಂದ ಅವನು ನನ್ನನ್ನು ಕರೆಯುತ್ತಿದ್ದದ್ದೇ ಹಾಗೆ.

ವಿಚಾರಣೆಯ ದಿನ ಬಂದರಿನ ಅರ್ಧ ಜನ ಅಲ್ಲಿದ್ದರು. ಕಾರ್ಖಾನೆಯ ವಕೀಲರು ಘಾಟಿ. ಕಾಗದಪತ್ರ ಮುಟ್ಟಲೇ ಇಲ್ಲ. ನಗುತ್ತಾ ಕೇಳಿದರು: “ಹಾಗಾದರೆ ಹಮೀದ್, ಇಷ್ಟು ವರ್ಷ ನೀನು ಕೂಲಿಗೆ ಆಡಿದ್ದಾ?”

ಹಿಂದೆ ಯಾರೋ ಕಿಸಕ್ಕನೆ ನಕ್ಕರು. ಹಮೀದ್ ಕೋಲು ಊರಿ ನೆಟ್ಟಗೆ ನಿಂತ.

“ಕೂಲಿಗೆ ಆಡುವ ಜನ ನಾನಲ್ಲ ಸ್ವಾಮೀ. ಯಾರೂ ಹೇಳದಿದ್ದರೂ ಆಡ್ತಿದ್ದೆ. ನನ್ನ ಖುಷಿಗೆ ಆಡಿದ್ದು.”

ಹೊರಗೆ ಬಂದು ಕೂಗಾಡಿದೆ: “ಎಂತ ಮಾರಾಯ ನೀನು ಹೇಳಿದ್ದು!”

“ಅಷ್ಟು ಜನರ ಎದುರು ಹಾಗೆ ಒಪ್ಪಿಕೊಳ್ಳಲಿಕ್ಕೆ ಆಗ್ತದಾ ಪೊರ್ಬುಗಳೇ? ನೀವಾದರೆ ಒಪ್ತಿದ್ದಿರಾ?” ಎಂದ.

ಅರ್ಜಿ ವಜಾ ಆಯಿತು. ಮೇಲಿನ ಕೋರ್ಟಿಗೆ ಹೋಗಲೂ ಆ ಒಂದು ಹೇಳಿಕೆ ದಾರಿ ಉಳಿಸಿರಲಿಲ್ಲ. ಆದೇಶ ಹಿಡಿದುಕೊಂಡು ನಾನೇ ಅವನ ಮನೆಗೆ ಹೋದೆ. ಹಮೀದ್ ಚಾಪೆಯ ಮೇಲೆ ಕುಳಿತಿದ್ದ. ಅವನ ಹೆಂಡತಿ ಬೀಫಾತಿಮ್ಮ ಬಾಗಿಲ ಮರೆಯಲ್ಲಿ ನಿಂತಿದ್ದಳು.

“ಎಂತ ಬರೆದಿದ್ದಾರೆ?” ಎಂದು ಹಮೀದ್ ಕೇಳಿದ.

“ಅರ್ಜಿದಾರನು ಕೂಲಿಗಾಗಿ ಅಲ್ಲ, ತನ್ನ ಸಂತೋಷಕ್ಕಾಗಿ ಆಡಿದ್ದಾನೆ, ಅಂತ.”

ಹಮೀದನ ಮುಖ ಅರಳಿತು. ದೇವರಾಣೆ, ಅರಳಿತು. “ಅದು ಸರಿಯಾಗಿ ಬರೆದಿದ್ದಾರೆ” ಎಂದ.

ಬಾಗಿಲ ಮರೆಯಿಂದ ಬೀಫಾತಿಮ್ಮನ ಅಳು ಕೇಳಿಸಿತು. ಆಮೇಲೆ ಅವಳು ನನ್ನನ್ನೇ ಕೇಳಿದಳು: “ವಕೀಲರೇ, ನನ್ನನ್ನು ಒಂದು ಮಾತು ಕೇಳಬಹುದಿತ್ತಲ್ಲ? ಅವರು ಅಲ್ಲಿ ಹಾಗೇ ಹೇಳ್ತಾರೆ ಅಂತ ನನಗೆ ಗೊತ್ತಿತ್ತು.”

ಆ ಮೇಲೆ ಎಷ್ಟೋ ಕೇಸು ನಡೆಸಿದ್ದೇನೆ. ಕಕ್ಷಿದಾರ ಎಷ್ಟೇ ದೊಡ್ಡವನಿರಲಿ, ಕಟಕಟೆ ಹತ್ತಿಸುವ ಮೊದಲು ಅವನ ಮನೆಯವರನ್ನು ಕೂರಿಸಿ ಕೇಳುತ್ತೇನೆ: ಇವರ ಬಾಯಲ್ಲಿ ಯಾವ ಮಾತು ಬರಲಾರದು ಹೇಳಿ. ಅದನ್ನು ನನಗೆ ಕಲಿಸಿದವಳು ಮರುದಿನದಿಂದ ಬೀಡಿ ಕಟ್ಟಲು ಕೂತಳು. ಹಮೀದ್ ತೀರಿಕೊಂಡ ದಿನವೂ ಕಟ್ಟುತ್ತಿದ್ದಳು.