ವಾಲ್ ಎಂದು ಬರೆದಿದ್ದ ಡಬ್ಬಿ

ಇದು ಆಗುವ ಮಾತಲ್ಲ ಎಂದು ಹೇಳಿದವರು ನಮ್ಮ ಮಾಮಾ, ಅವ್ವನ ಅಣ್ಣ. ಎರಡು ವಿಷಯಕ್ಕೆ ಹೇಳಿದ್ದರು. ಒಂದು, ನಾನು ಡಿಗ್ರಿ ಮುಗಿಸುವುದು. ಇನ್ನೊಂದು, ಅವರ ಗಿಳಿ ಮತ್ತೆ ಮಾತಾಡುವುದು. ಖಾನಾಪುರದ ತಮ್ಮ ಮನೆಯ ಕಟ್ಟೆಯ ಮೇಲೆ ಕೂತು, ಎಲೆಗೆ ಸುಣ್ಣ ಹಚ್ಚುತ್ತ, ಎರಡನ್ನೂ ಒಂದೇ ಉಸಿರಿನಲ್ಲಿ ಹೇಳಿ ಮುಗಿಸಿದರು.

"ನಿನ್ನ ಡಿಗ್ರಿ ಆ ಗಿಳಿ ಮ್ಯಾಲ ನಿಂತೈತಿ ಅಂದ್ರ ಮುಗೀತ್ ಬಿಡು ಮಗಳ. ಸತ್ತ ಗಿಳಿ ಮಾತಾಡೂದಿಲ್ಲ. ಮಾತಾಡ್ತಂದ್ರ ಈ ಮೀಸಿ ತಗಸ್ತೀನಿ."

ಮೀಸೆ ಸಣ್ಣದಲ್ಲ. ಅವರ ಮುಖದಲ್ಲಿ ಮೊದಲು ಕಾಣುವುದೇ ಅದು.

ಗಿಳಿ ಅಂದರೆ ಮಾಮಾನ ಹಳೆಯ ಆಂಪ್ಲಿಫಯರ್. ನಾನು ಸಣ್ಣವಳಿದ್ದಾಗ ಅವರದು ಬಾಡಿಗೆ ಮೈಕ್‌ಸೆಟ್ ಇತ್ತು. ಸುತ್ತಲಿನ ಹಳ್ಳಿಗಳ ಮದುವೆ, ತೊಟ್ಟಿಲು, ಸಾಲಿ ಗ್ಯಾದರಿಂಗು, ಎಲ್ಲದಕ್ಕೂ ಅವರೇ. ದಪ್ಪ ತಗಡಿನ ಪೆಟ್ಟಿಗೆ, ಅದರ ಬೆನ್ನಿಗೆ ಮಾಮಾ ತಾವೇ ಬರೆದ ಹಸಿರು ಗಿಳಿ. ಹೊಟ್ಟೆ ತುಸು ಹೆಚ್ಚೇ ದಪ್ಪವಾಗಿತ್ತು. "ಕೋಳಿ ಮೈಕ್ ಬಂತ್ರೋ" ಎಂದು ಹುಡುಗರು ಕೂಗಿದರೆ ಮಾಮಾ ಸಿಟ್ಟಿನಿಂದ ವಾಯರು ಸುತ್ತಿಕೊಂಡು ಹೊರಟೇಬಿಡುತ್ತಿದ್ದರು. ಮದುವೆ ಮನೆಯವರು ಚಹಾ ಕೊಟ್ಟು ಸಮಾಧಾನ ಮಾಡಬೇಕಾಗುತ್ತಿತ್ತು. ಆ ಪೆಟ್ಟಿಗೆಯೊಳಗೆ ಈಗಿನ ಹಾಗೆ ಇರುವೆಯಂಥ ಚಿಪ್‌ಗಳಿರಲಿಲ್ಲ. ಬಲ್ಬಿನಂಥ ಗಾಜಿನ ಬುರುಡೆಗಳು, ಒಳಗೆ ಕೆಂಪಗೆ ಕಾಯುವ ತಂತಿ. ಪುಸ್ತಕದಲ್ಲಿ ಅದಕ್ಕೆ ವಾಲ್ವ್ ಎನ್ನುತ್ತಾರೆ. ರಿಪೇರಿಯವರ ಬಾಯಲ್ಲಿ ಅದು ಬರೀ ವಾಲ್.

ಹಗುರವಾದ ಹೊಸ ಸೆಟ್ಟುಗಳು ಬಂದ ಮೇಲೆ ಗಿಳಿಯನ್ನು ಕೇಳುವವರಿಲ್ಲವಾಯಿತು. ಒಂದು ಮದುವೆಯಲ್ಲಿ ಟ್ರಾನ್ಸ್‌ಫಾರ್ಮರ್ ಸುಟ್ಟದ್ದೇ ನೆಪ, ಮಾಮಾ ಅದನ್ನು ಗುಜರಿಗೆ ತೂಕಕ್ಕೆ ಹಾಕಿ ಹಾಲಿನ ಡೈರಿಯಲ್ಲಿ ಕೆಲಸಕ್ಕೆ ಸೇರಿದರು.

ಇನ್ನು ನನ್ನ ಸಂಗತಿ. ನಮ್ಮ ಮನೆ ಬೆಳಗಾವಿಯ ಶಹಾಪುರದಲ್ಲಿ. ಅಪ್ಪ ಬೇರೆಯವರ ಪವರ್‌ಲೂಮ್ ನಡೆಸುತ್ತಿದ್ದರು, ಅವ್ವ ಮಗ್ಗಕ್ಕೆ ನೂಲಿನ ಕಂಡಕಿ ಸುತ್ತುತ್ತಿದ್ದಳು. ಎರಡೂ ಕಡೆಯ ಮನೆತನದಲ್ಲಿ ಹತ್ತನೆಯ ತರಗತಿ ದಾಟಿದವರಿರಲಿಲ್ಲ. ನಾನು ಪಿಯುಸಿ ಮುಗಿಸಿ, ಮಚ್ಛೆಯ ಒಂದು ಸಣ್ಣ ಕಾರ್ಖಾನೆಯಲ್ಲಿ ನಾಲ್ಕು ವರ್ಷ ಕಾಯಿಲ್ ಸುತ್ತಿದೆ. ಆಮೇಲೆ ಮಾಲೀಕರ ಮುಂದೆ ನಿಂತು, ಬಿ.ಎಸ್ಸಿ. ಮಾಡುತ್ತೇನೆ, ಮಧ್ಯಾಹ್ನದ ಮೇಲೆ ಬಂದು ಕೆಲಸ ಮಾಡಲು ಬಿಡಿ ಎಂದು ಕೇಳಿದೆ. ಅವರು ಒಳ್ಳೆಯ ಮನುಷ್ಯ, ಒಪ್ಪಿದರು. "ಮೂರು ವರ್ಷ ಅಷ್ಟ. ನಾಕನೇದಕ್ಕ ಒಂದೋ ಪೂರ್ತಿ ಕೆಲಸ, ಇಲ್ಲಾಂದ್ರ ಇಲ್ಲ" ಎಂದರು. ಅಂದರೆ ನನಗೆ ಒಂದು ವಿಷಯದಲ್ಲೂ ಫೇಲಾಗಿ ಉಳಿಯುವ ಹಾಗಿರಲಿಲ್ಲ. ಕ್ಲಾಸಿನ ಹುಡುಗಿಯರು ನನ್ನನ್ನು ಅಕ್ಕ ಎನ್ನುತ್ತಿದ್ದರು. ಕೊನೆಯ ಸೆಮಿಸ್ಟರ್‌ವರೆಗೆ ಹೇಗೋ ಬಂದೆ. ಉಳಿದದ್ದು ಪ್ರಾಜೆಕ್ಟ್.

ಉಳಿದವರು ಅಂಗಡಿಯಿಂದ ಸಿದ್ಧ ಕಿಟ್ ತಂದು ಜೋಡಿಸುತ್ತಿದ್ದರು. ನನಗೆ ಅದು ಸೇರಲಿಲ್ಲ. ಒಂದು ಹಳೆಯ ಟ್ರಾನ್ಸ್‌ಫಾರ್ಮರ್ ಸಿಕ್ಕರೆ ಅದರ ಮೇಲೆ ಏನಾದರೂ ಮಾಡೋಣವೆಂದು ಬೆಳಗಾವಿಯ ಒಂದು ಗುಜರಿ ಅಂಗಡಿಗೆ ಹೋದೆ. ಮುರಿದ ಫ್ಯಾನು, ಮಿಕ್ಸರುಗಳ ರಾಶಿಯಡಿಯಲ್ಲಿ ಹಸಿರು ರೆಕ್ಕೆಯೊಂದು ಕಂಡಿತು. ಮೇಲಿನ ಸಾಮಾನು ಸರಿಸಿದೆ. ದಪ್ಪ ಹೊಟ್ಟೆ. ನಮ್ಮದೇ ಗಿಳಿ!

ಅಂಗಡಿಯ ಚಾಚಾ ಕನ್ನಡಕ ಏರಿಸಿ ನೋಡಿದರು. "ಅದು ಸುಟ್ಟ ಪೆಟಗಿ ಐತಿ ಬೇಟಿ. ಅದರಾಗ ದಿಲ್ ಇಲ್ಲ. ತಗಡು, ಕರಕಾದ ತಂತಿ ಅಷ್ಟ."

"ದಿಲ್ ನಾ ಹುಡುಕ್ತೀನ್ರಿ ಚಾಚಾ."

"ಹಂಗಾದ್ರ ಒಯ್ಯಿ. ಹಾಡಿತಂದ್ರ ನನಗೂ ಒಮ್ಮೆ ಕೇಳಸ್ಬೇಕ ಮತ್ತ!"

ಕಾಲೇಜಿನಲ್ಲಿ ನನ್ನ ಗೈಡ್ ಮೇಡಂ ಪೆಟ್ಟಿಗೆಯನ್ನು ಸುತ್ತು ಹಾಕಿ ನೋಡಿದರು. "ಹಳೇ ಸಾಮಾನು ತೊಳೆದು ತಂದ್ರ ಪ್ರಾಜೆಕ್ಟ್ ಆಗೂದಿಲ್ಲ. ಪರೀಕ್ಷೆ ದಿನ ಹೊರಗಿನವರ ಮುಂದ ಇದು ನಡೀಬೇಕು. ನಡೀಲಿಲ್ಲಾಂದ್ರ ಮಾರ್ಕ್ಸ್ ಇಲ್ಲ. ಒಪ್ಪಿಗಿ?"

ಒಪ್ಪಿದೆ. ಸಂಭ್ರಮದಲ್ಲಿ ಖಾನಾಪುರಕ್ಕೆ ಹೋಗಿ ಮಾಮಾನಿಗೆ ಹೇಳಿದೆ. ಆಗಲೇ ಆ ಮೀಸೆಯ ಮಾತು ಬಂದದ್ದು. ಮಾಮಾ ಸುಮ್ಮನೆ ಅಪಶಕುನ ನುಡಿದವರಲ್ಲ, ಲೆಕ್ಕ ಹಾಕಿಯೇ ಹೇಳಿದ್ದರು. ಟ್ರಾನ್ಸ್‌ಫಾರ್ಮರ್ ಸುಟ್ಟಿದೆ. ಐದು ವಾಲ್ ಕೂರುವ ಜಾಗ ಖಾಲಿ. "ಗುಜರ್ಯಾಂವ ಗಾಜಿಗೆ ತೂಕ ಹಿಡಿಯಂಗಿಲ್ಲ ಅಂದಾ, ಅದಕ್ಕ ನಾನ ಕಿತ್ತೆ. ಎಲ್ಲಿಟ್ಟೆ ನೆಪ್ಪಿಲ್ಲ. ಒಡದು ಹೋಗಿರಬೇಕು."

ಮೊದಲು ಟ್ರಾನ್ಸ್‌ಫಾರ್ಮರ್ ಹಿಡಿದೆ. ಅದು ನನ್ನ ಕಸುಬು, ಹೆದರಿಕೆ ಇರಲಿಲ್ಲ. ಸುಟ್ಟ ತಂತಿಯನ್ನು ಬಿಚ್ಚುತ್ತ ಎಷ್ಟು ಸುತ್ತು ಎಂದು ಎಣಿಸಬೇಕು, ಅಷ್ಟೇ ಸುತ್ತು ಹೊಸ ತಂತಿ ಸುತ್ತಬೇಕು. ಕಾರ್ಖಾನೆಯಲ್ಲಾದರೆ ಎಣಿಸಲು ಮಷೀನಿದೆ. ಬಿಚ್ಚುವುದನ್ನು ಎಣಿಸುವ ಮಷೀನಿಲ್ಲ. ಎರಡು ಸಾರಿ ಸಾವಿರದ ಮೇಲೆ ಹೋಗಿ ಎಣಿಕೆ ತಪ್ಪಿತು, ಬಿಚ್ಚಿದ್ದನ್ನು ಮತ್ತೆ ಸುತ್ತಿ ಮೊದಲಿಂದ ಎಣಿಸಬೇಕಾಯಿತು. ಅವ್ವ ಬಾಗಿಲಲ್ಲಿ ನಿಂತು ನೋಡಿದಳು, ಒಂದು ಹಿಡಿ ಹುಣಸೆ ಬೀಜ ತಂದು ಮುಂದೆ ಸುರಿದಳು. "ನೂರಾತಂದ್ರ ಒಂದು ಬೀಜ ಆ ಕಡೆ ಸರಸು. ಬಾಯಿಲೆ ಎಣಿಸಿದ್ದು ಬಾಯಾಗ ಹೋಗ್ತೈತಿ." ಮೂರನೆಯ ಸಾರಿ ತಪ್ಪಲಿಲ್ಲ. ಬೆಳಗಾವಿಯ ಅಂಗಡಿಯಲ್ಲಿ ಹೊಸ ಕಂಡೆನ್ಸರುಗಳು ಸಿಕ್ಕವು, ಹಾಕಿದೆ. ತುಕ್ಕು ಉಜ್ಜಿದೆ. ಗಿಳಿಯ ಬಣ್ಣಕ್ಕೆ ಮಾತ್ರ ಕೈ ಹಚ್ಚಲಿಲ್ಲ.

ವಾಲ್ ಮಾತ್ರ ಎಲ್ಲೂ ಇಲ್ಲ. ಆನ್‌ಲೈನ್‌ನಲ್ಲಿ ಇದ್ದವು, ಹೊರದೇಶದಿಂದ ಬರಲು ಆರು ವಾರ. ನನ್ನ ಪರೀಕ್ಷೆಗೆ ಉಳಿದದ್ದು ಮೂರು.

ಇನ್ನೊಮ್ಮೆ ಹುಡುಕಿಸೋಣವೆಂದು ಮಾಮಾನಿಗೆ ಫೋನ್ ಮಾಡಿದೆ. ಅವರು ಡೈರಿಗೆ ಹೋಗಿದ್ದರು, ಮಾಮಿ ಎತ್ತಿದರು. ಮಾಮಿಯ ತವರಿನ ಭಾಷೆ ಮರಾಠಿ, ಅವರ ಕನ್ನಡದಲ್ಲೂ ಅದೇ ಸವಿ.

"ಮಾಮಿ, ಮನ್ಯಾಗ ವಾಲ್ ಅದಾವೇನ್ ನೋಡ್ರಿ."

"ಅದಾವಲ್ಲ! ಯಾಕ?"

ನನಗೆ ಕೂತಲ್ಲಿಂದ ಎದ್ದು ನಿಲ್ಲುವ ಹಾಗಾಯಿತು. "ಖರೇನ? ಇದ್ದಷ್ಟೂ ಕಳಸ್ರಿ ಮಾಮಿ, ಪರೀಕ್ಷಾಕ್ಕ ಬೇಕಾಗ್ಯಾವು."

"ಇದ್ದಷ್ಟೂ? ಭಾಳ ಮಂದಿ ಬರ್ತಾರೇನ?"

"ಹೂನ್ರಿ, ಹೊರಗಿನವ್ರೂ ಬರ್ತಾರ. ಒಡೀದಂಗ ಹುಷಾರಿಲೆ ಕಟ್ರಿ."

"ವಾಲ್ ಒಡೀತಾವೇನ, ಹುಚ್ಚಿ!" ಎಂದು ಮಾಮಿ ನಕ್ಕರು. ಧೈರ್ಯ ಹೇಳುತ್ತಿದ್ದಾರೆ ಅಂದುಕೊಂಡೆ.

ಮರುದಿನ ಖಾನಾಪುರದ ಬಸ್ಸಿನ ಕಂಡಕ್ಟರ್ ಒಂದು ಬಟ್ಟೆ ಚೀಲ ಕೊಟ್ಟರು. ಬಾಣಂತಿ ಕೂಸನ್ನು ಹಿಡಿದ ಹಾಗೆ ಎರಡೂ ಕೈಯಲ್ಲಿ ಹಿಡಿದು ಆಟೋ ಹತ್ತಿದೆ. ಪ್ರತಿ ಗುಂಡಿಗೂ "ಸಾವಕಾಶ್ರಿ, ಸಾವಕಾಶ್" ಎಂದು ಡ್ರೈವರನ ಜೀವ ತಿಂದೆ. ಮನೆಗೆ ಬಂದು ಹಾಸಿಗೆಯ ಮೇಲೆ ಬಿಚ್ಚಿದೆ.

ಕಾಳು. ಒಣಗಿದ, ದಪ್ಪ ದಪ್ಪ ಅವರೆಕಾಳು. ಮರಾಠಿಯಲ್ಲಿ ಅದಕ್ಕೆ ವಾಲ್ ಅನ್ನುತ್ತಾರೆಂಬುದು ನನಗೆ ಗೊತ್ತಿಲ್ಲದ್ದೇನಲ್ಲ. ಮಾಮಿಯ ಕೈಯ ಉಸಳ, ಅದೇ ಕಾಳಿನ ಪಲ್ಯ, ತಿಂದೇ ಬೆಳೆದವಳು. ಆದರೆ ಮೂರು ತಿಂಗಳಿಂದ ತಲೆಯಲ್ಲಿ ಒಂದೇ ವಾಲ್ ಕೂತಿತ್ತು. ಅವ್ವ ನಕ್ಕು ನಕ್ಕು ಗೋಡೆ ಹಿಡಿದುಕೊಂಡಳು. ನನಗೆ ಅಳು ಬಂತು. ನಾಲ್ಕು ದಿನ ಅದನ್ನೇ ಉಂಡೆವು.

ಬಂದ ಚೀಲವನ್ನು ಖಾಲಿ ತಿರುಗಿಸಬಾರದೆಂದು ಅವ್ವ ಅದರಲ್ಲಿ ಶೇಂಗಾ ಹೋಳಿಗೆ ಹಾಕಿ, ರವಿವಾರ ನೀನೇ ಕೊಟ್ಟು ಬಾ ಎಂದಳು. ಮನಸ್ಸಿರಲಿಲ್ಲ, ಹೋದೆ. ಮಾಮಾ ಕಟ್ಟೆಯ ಮೇಲೆ ಎಲೆ ಹಾಕುತ್ತ ಕೂತಿದ್ದರು. ಮಾಮಿ ಚೀಲ ಇಸಿದುಕೊಳ್ಳುತ್ತ ಕೇಳಿದರು:

"ವಾಲ್ ಹೆಂಗಿದ್ದು? ಮೇಡಂಗ ಸೇರಿದ್ವ?"

ಗಾಜಿನ ವಾಲ್ ಕೇಳಿದ್ದೆ ಎಂದು ಹೇಳಿದೆ. ಮಾಮಿ ಸೆರಗು ಬಾಯಿಗೆ ಹಿಡಿದರು. "ಅಯ್ಯ, ನನ್ನ ಬುದ್ಧಿಗಿಷ್ಟು! ಹೊಸಾವ ಇರಲಿ ಅಂತ ಆರಿಸಿ ಆರಿಸಿ ಕಳಿಸೇನಿ. ಅಟ್ಟದ ಮ್ಯಾಲಿನ ಡಬ್ಬ್ಯಾಗಿನೂ ಹಳೀವು, ಹುಳಾ ಹತ್ತಿರ್ತಾವ ಅಂತ ಬಿಟ್ಟೆ."

"ಯಾವ ಡಬ್ಬಿ?"

"ನಿಮ್ಮ ಮಾಮಾನ ಅಕ್ಷರದಾಗ ವಾಲ್ ಅಂತ ಬರದೈತಿ. ಬೀಜಕ್ಕಿಟ್ಟಾರ ಅಂತ ಇಷ್ಟ ವರ್ಷ ನಾ ಮುಟ್ಟಿಲ್ಲ."

ನಾನು ಮಾಮಾನ ಕಡೆ ನೋಡಿದೆ. ಅವರ ಸುಣ್ಣದ ಬೆರಳು ಎಲೆಯ ಮೇಲೆ ಹಾಗೇ ನಿಂತಿತ್ತು. "ನಾ ಯಾವಾಗ ಬೀಜ ಇಟ್ಟೇನಿ?" ಎಂದರು ನಿಧಾನವಾಗಿ.

ಏಣಿ ಹತ್ತಿದವಳು ನಾನು. ಬಿಸ್ಕೀಟಿನ ತಗಡಿನ ಡಬ್ಬಿ. ಮೇಲೆ, ಮಾಮಾ ಕಲಿತ ಮರಾಠಿ ಸಾಲಿಯ ಅಕ್ಷರದಲ್ಲಿ, ವಾಲ್ ಎಂದು ಬರೆದಿತ್ತು, ಗಿಳಿಗೆ ಹಚ್ಚಿದ ಅದೇ ಹಸಿರು ಬಣ್ಣದಲ್ಲಿ. ಕೆಳಗಿಳಿಸಿ ಮುಚ್ಚಳ ಎಬ್ಬಿಸಿದೆವು. ನೇರಳೆ ಬಟ್ಟೆಯ ತುಂಡುಗಳಲ್ಲಿ ಒಂದೊಂದಾಗಿ ಸುತ್ತಿದ ಆರು ವಾಲ್, ಬೇಕಾದ್ದಕ್ಕಿಂತ ಒಂದು ಹೆಚ್ಚೇ.

ಮೊದಲು ಮಾತಾಡಿದವರು ಮಾಮಿ. "ಇದು ನನ್ನ ಸೀರಿ! ಇಲಿ ಕಡದಾವ ಅಂದಿದ್ರಲ್ಲ!"

ಮಾಮಾ ಕೇಳಿಸಿಕೊಳ್ಳದವರ ಹಾಗೆ ಒಂದೊಂದನ್ನೇ ಬೆಳಕಿಗೆ ಹಿಡಿದರು. ಗಾಜಿನ ನೆತ್ತಿಯಲ್ಲಿ ಕನ್ನಡಿಯಂಥ ಹೊಳಪು ಇರಬೇಕು. ಗಾಳಿ ಹೊಕ್ಕರೆ ಅದು ಹಾಲಿನಂತೆ ಬೆಳ್ಳಗಾಗುತ್ತದೆ. ಒಂದು ಬೆಳ್ಳಗಾಗಿತ್ತು. ಅದನ್ನು ಪಕ್ಕಕ್ಕಿಟ್ಟರು. ಉಳಿದ ಐದಕ್ಕೂ, ಮಂತ್ರ ಹೇಳಿದ ಹಾಗೆ, "ತಂತಿ ಕಡದಿಲ್ಲ" ಎಂದರು. ಆಮೇಲೆ ಮೀಸೆಯ ಮೇಲೊಮ್ಮೆ ಕೈ ಹೋಯಿತು.

ಮರುದಿನವೇ ರಜೆ ಹಾಕಿ ನನ್ನ ಜೊತೆ ಶಹಾಪುರಕ್ಕೆ ಬಂದರು. ಒಮ್ಮೆಲೇ ಕರೆಂಟ್ ಕೊಡಲು ಬಿಡಲಿಲ್ಲ. ನಡುವೆ ಒಂದು ಸಾದಾ ಬಲ್ಬ್ ಕಟ್ಟಿಸಿದರು. "ಬಲ್ಬ್ ಹತ್ತಿ ಮಂದ ಆದ್ರ ಬದುಕೇತಿ. ಉರೀತ ನಿಂತ್ರ ಒಳಗೆಲ್ಲೋ ಶಾರ್ಟ್ ಐತಿ." ಬಲ್ಬ್ ಹತ್ತಿತು. ಮಂದವಾಯಿತು. ಐದು ಗಾಜಿನೊಳಗೆ ಕೆಂಪು ಮೂಡಿತು. ಮಾಮಾ ಕಣ್ಣೊರೆಸಿಕೊಂಡು, "ಹೊಗಿ" ಎಂದರು. ಹೊಗೆ ಎಲ್ಲೂ ಇರಲಿಲ್ಲ.

ಪರೀಕ್ಷೆಯ ದಿನ ಪೆಟ್ಟಿಗೆ ಹೊರುವ ನೆಪದಲ್ಲಿ ಕಾಲೇಜಿಗೂ ಬಂದರು. ನನ್ನ ಸರದಿ ಬಂತು. ಸ್ವಿಚ್ ಹಾಕಿದೆ. ಸದ್ದಿಲ್ಲ. ಹೊರಗಿನಿಂದ ಬಂದ ಪರೀಕ್ಷಕರು ಮೇಡಂ ಕಡೆ ನೋಡಿದರು, ಮೇಡಂ ನನ್ನ ಕಡೆ. ಮಚ್ಛೆಯ ಮಾಲೀಕರ ಮಾತು, ಮೂರು ವರ್ಷ, ಎಲ್ಲ ಒಟ್ಟಿಗೆ ನೆನಪಾಗಿ ಪ್ಲಗ್ಗನ್ನು ಇನ್ನೊಮ್ಮೆ ಒತ್ತಿ ನೋಡಿದೆ. ಹಿಂದಿನಿಂದ ಮಾಮಾನ ದನಿ ಬಂತು:

"ತಡೀರಿ ಸಾಹೇಬ್ರ. ವಾಲ್ ಕಾಯೂ ತನಕಾ ನಾವೂ ಕಾಯಬೇಕ್ರಿ."

ಪರೀಕ್ಷಕರು ನಕ್ಕುಬಿಟ್ಟರು. ಅರ್ಧ ನಿಮಿಷ ಕಳೆದಿರಬೇಕು. ಸ್ಪೀಕರಿನಲ್ಲಿ ಒಂದು ಮೆಲ್ಲನೆಯ ಉಸಿರು ಕೇಳಿಸಿತು, ನಿದ್ದೆಯಿಂದ ಎದ್ದವರದು. "ಮಾತಾಡ್ರಿ" ಎಂದು ಮೇಡಂ ಮೈಕ್ ಮುಂದೆ ಮಾಡಿದರು. ನಾನು ಅದನ್ನು ಮಾಮಾನ ಕಡೆ ಚಾಚಿದೆ. ಮಾಮಾ ಮುಂದೆ ಬಂದು ಮೈಕ್ ಹಿಡಿದು ಎರಡು ಸಾರಿ ಊದಿದರು. ಆಮೇಲೆ, ಎಷ್ಟೋ ಮದುವೆಗಳಲ್ಲಿ ಹೇಳಿ ರೂಢಿಯಾದ ದನಿಯಲ್ಲಿ:

"ಹಲೋ, ಹಲೋ. ಬಂದಂಥಾ ಬೀಗರು, ಗುರು ಹಿರೇರು, ಎಲ್ಲಾರೂ ಊಟ ಮಾಡ್ಕೊಂಡ ಹೋಗಬೇಕಾಗಿ ವಿನಂತಿ!"

ಕಾರಿಡಾರಿನಲ್ಲಿದ್ದವರೆಲ್ಲ ಒಳಗೆ ಇಣುಕಿದರು. ಆಮೇಲೆ ಪರೀಕ್ಷಕರು ನನ್ನನ್ನು ಕೇಳಿದ ಯಾವ ಪ್ರಶ್ನೆಗೂ ನಾನು ತಡವರಿಸಲಿಲ್ಲ. ಎಷ್ಟು ಸುತ್ತು ಎಂದು ಕೇಳಿದಾಗ ಹುಣಸೆ ಬೀಜದ ಸಂಗತಿಯನ್ನೂ ಹೇಳಿದೆ. ಮರುದಿನ ಮಾಮಾ ಮೀಸೆ ತೆಗೆಸಿದರು. ಡೈರಿಯಲ್ಲಿ ಎರಡು ದಿನ ಎಲ್ಲರೂ ಅವರನ್ನು ಹೊಸಬರೆಂದು ತಿಳಿದರಂತೆ. ಗುಜರಿಯ ಚಾಚಾನಿಗೆ ಮಾತು ಕೊಟ್ಟಂತೆ ಗಿಳಿಯನ್ನು ಅಂಗಡಿಗೇ ಒಯ್ದು ಕೇಳಿಸಿ ಬಂದೆ.

ಡಿಗ್ರಿ ಸರ್ಟಿಫಿಕೇಟ್ ಬರುವ ಹೊತ್ತಿಗೆ ಮಾಮಾನ ಮೀಸೆ ಮತ್ತೆ ಬೆಳೆದಿತ್ತು. ಕಾಲೇಜಿನ ಆಫೀಸಿನಲ್ಲಿ ಗುಮಾಸ್ತರು ರಿಜಿಸ್ಟರಿನಲ್ಲಿ ಸಹಿ ಹಾಕಿಸಿಕೊಂಡು, "ಹಾಂ, ತಗೋರಿ" ಎಂದು ಕಿಟಕಿಯಿಂದ ಕೊಟ್ಟರು. ಅಷ್ಟೇ. ಅಪ್ಪ, ಅವ್ವ ಮುಟ್ಟಿ ನೋಡಿದ ಮೇಲೆ ನಾನು ಖಾನಾಪುರದ ಬಸ್ ಹತ್ತಿದೆ. ನಮ್ಮ ಮನೆತನದಲ್ಲಿ ಮೊದಲ ಡಿಗ್ರಿ ನನ್ನದು. ಬಸ್ಸಿನಲ್ಲಿ ಪಕ್ಕ ಕೂತ ಅಪರಿಚಿತ ಹೆಂಗಸಿಗೂ ಹೇಳಿದೆ, ನಾಚಿಕೆಪಡಲಿಲ್ಲ.

ಮಾಮಾ ಕೈ ತೊಳೆದು, ಪಂಚೆಗೆ ಒರೆಸಿಕೊಂಡು ಇಸಿದುಕೊಂಡರು. ಅದರಲ್ಲಿನ ಇಂಗ್ಲಿಷ್ ಅವರಿಗೆ ಓದಲು ಬರುವುದಿಲ್ಲ. ಬಾಗಿಲಿಗೆ ಹೋಗಿ, ವಾಲ್ ಹಿಡಿದ ಹಾಗೆಯೇ ಬೆಳಕಿಗೆ ಹಿಡಿದು ಹಿಂದೆ ಮುಂದೆ ನೋಡಿದರು.

"ತಂತಿ ಕಡದಿಲ್ಲ" ಎಂದರು. ಆಮೇಲೆ ಮಾಮಿಗೆ, "ಆ ಡಬ್ಬಿ ತಾ ಇಲ್ಲೆ. ಇದನ್ನ ನಾಕ ದಿನಾ ನಮ್ಮ ಮನ್ಯಾಗ ಇಟಗೋಳೂಣು."

ಮಾಮಿ ಡಬ್ಬಿ ತಂದರು, ಸೆರಗಿನಿಂದ ಒಳಗೆಲ್ಲ ಒರೆಸಿದರು.

"ಇಡ್ರಿ. ಆದ್ರ ಈ ಸಲ ಮ್ಯಾಲ ಡಿಗ್ರಿ ಅಂತ ಬರೀರಿ. ಇಲ್ಲಾಂದ್ರ ನಾ ನೀರಾಗ ನೆನಿ ಹಾಕ್ತೀನಿ."