ಎಣ್ಣೆ ಬಿಡಿಸಿದ ದನಿ

ಸವಣೂರಿನಲ್ಲಿ ನಾನು ಕದಿಯದ ದನಿ ಕಡಿಮೆ. ಬಸ್ ಸ್ಟ್ಯಾಂಡಿನ ಕಂಡಕ್ಟರ್ ಮೂಗಿನಲ್ಲಿ "ಹಾನಗಲ್ಲ, ಹಾನಗಲ್ಲ" ಎಂದು ಕೂಗುವುದು, ಎಲೆ ಅಂಗಡಿಯ ಚಾಚಾ ಸುಣ್ಣ ಹಚ್ಚುತ್ತ ಕೆಮ್ಮುವುದು, ಹುಡುಗಿ ನೋಡಲು ಹೋದಾಗ ನಾನೇ ತೊದಲಿದ್ದು, ಎಲ್ಲ ನನ್ನ ಗಂಟಲಲ್ಲಿ ಇವೆ. ಅವುಗಳಲ್ಲಿ ಬಹಳ ದೂರ ಹೋದದ್ದು ಒಬ್ಬ ದೊಡ್ಡ ಡಾಕ್ಟರರ ದನಿ. ಅಂಥ ಡಾಕ್ಟರು ಎಲ್ಲೂ ಇಲ್ಲ. ಮೊಬೈಲಿನಲ್ಲಿ ಆರೋಗ್ಯ ಬೋಧಿಸುವ ನಾಲ್ಕೈದು ಜನರನ್ನು ಕಲಸಿ ನಾನೇ ಮಾಡಿಕೊಂಡಿದ್ದೆ.

ತಿಳವಳ್ಳಿಯಲ್ಲಿರುವ ಅವ್ವನ ತಮ್ಮ, ನಮ್ಮ ಮಾವ, ಕೂತಲ್ಲೇ ಎಂಟು ಮಿರ್ಚಿ ಬಜ್ಜಿ ತಿಂದು ಬೆನ್ನು ಕೆರೆದುಕೊಳ್ಳುವವನು. ಅವನನ್ನು ಕಾಡಿಸಲು ಆ ದನಿಯಲ್ಲಿ ವಾಯ್ಸ್ ಮೆಸೇಜ್ ಕಳಿಸಿದೆ: "ಬಂಧುಗಳೇ, ಎಣ್ಣೆ, ತುಪ್ಪ ಬಿಡಿ. ಮೂರೇ ತಿಂಗಳಲ್ಲಿ ಚರ್ಮದ ಹುಣ್ಣು, ಕ್ಯಾನ್ಸರ್ ಕೂಡ ಒಣಗಿ ಉದುರುತ್ತದೆ." ಮಾವ ಮಿರ್ಚಿ ಬಿಡಲಿಲ್ಲ, ಮೆಸೇಜನ್ನು ಮಾತ್ರ ಮುಂದಕ್ಕೆ ಬಿಟ್ಟ. ರಟ್ಟೀಹಳ್ಳಿಯಲ್ಲಿರುವ ಅವ್ವನ ತಂಗಿ ಚಿಗವ್ವ, ಹಿರೇಕೆರೂರಿನ ಬೀಗರು, ಎಲ್ಲರ ಕೈ ದಾಟಿ ಅದು ನಮ್ಮ ಅಡುಗೆಮನೆಗೇ ಬಂತು.

"ಕೇಳಿಲ್ಲೆ, ದೊಡ್ಡ ಡಾಕ್ಟ್ರು ಹೇಳ್ಯಾರ," ಎಂದು ಅವ್ವ ನನಗೇ ನನ್ನ ದನಿ ಕೇಳಿಸಿದಳು. "ನಿನ್ನಂಗ ಮಂಗ್ಯಾನಾಟ ಅಲ್ಲ."

ಹೇಳಿಬಿಡಬೇಕಿತ್ತು. ಹೆತ್ತವಳಿಗೂ ಗುರುತು ಸಿಗಲಿಲ್ಲವೆಂಬ ಹೆಮ್ಮೆಯಲ್ಲಿ ಸುಮ್ಮನಾದೆ.

ಮರುದಿನದಿಂದ ಪಲ್ಯಕ್ಕೆ ಒಗ್ಗರಣೆ ನಿಂತಿತು. ಕುಸುಬಿ ಎಣ್ಣೆಯ ಡಬ್ಬಿ ಅಟ್ಟ ಹತ್ತಿತು. ಅವ್ವನ ಮೊಣಕೈ ಬೂದಿ ಬಳಿದಂತಾಗಿ ಸುಲಿಯತೊಡಗಿದಾಗ "ರೋಗ ಹೊರಗ ಬರಾಕತ್ತೈತಿ" ಎಂದಳು. ಯಾವ ರೋಗ ಎಂದು ನಾನು ಕೇಳಲಿಲ್ಲ.

ಅದು ಅಕ್ಕನಿಗೆ ಬಟ್ಟೆ ಒಗೆಯುವಾಗ ತಿಳಿಯಿತು. ಅವ್ವ ಸೀರೆಯೊಳಗೆ ಉಡುವ ಪರಕರದ ಲಾಡಿಯ ಹತ್ತಿರ ರಕ್ತದ ಕಲೆ. ಮದುವೆಯಾದಾಗಿನಿಂದ ಒಂದೇ ಜಾಗಕ್ಕೆ ಬಿಗಿದ ಲಾಡಿ ಸೊಂಟದ ಸುತ್ತ ಕಪ್ಪು ಗೆರೆ ಕೊರೆದಿತ್ತು. ಗೆರೆಯ ಮೇಲೆ ವರ್ಷದಿಂದ ಮಾಯದ ಒಂದು ಹುಣ್ಣು.

"ಹೆಂಗಸ್ರ ಸೊಂಟದ್ದು ಊರಿಗೆಲ್ಲ ತೋರಸ್ಲೇನು?" ಎಂದು ಅವ್ವ ಗದರಿದಳು. "ಇನ್ನ ಹದಿನೈದು ದಿನಕ್ಕ ಮೂರು ತಿಂಗಳಾಕ್ಕಾವು. ತಾನ ಒಣಗತೈತಿ. ನಿಮ್ಮ ಚಿಗವ್ವಗೂ ಹಿಂಗ ಐತಿ, ಆಕಿನೂ ಹ್ವಾದ ವಾರದಿಂದ ಎಣ್ಣಿ ಬಿಟ್ಟಾಳ."

ಅಕ್ಕ, ನಾನು ಸೇರಿ ಅವ್ವನನ್ನು ಶಿಗ್ಗಾಂವಿಗೆ ಕರೆದೊಯ್ದೆವು; ಅಲ್ಲಿಯ ಚರ್ಮದ ಡಾಕ್ಟರು ಹೆಣ್ಣುಮಗಳು. ಅವ್ವ ಅವರೆದುರು ಮೆಸೇಜನ್ನು ಬಾಯಿಪಾಠ ಒಪ್ಪಿಸಿದಳು.

"ಯಾವ ಡಾಕ್ಟ್ರು ಹೇಳಿದ್ದ್ರಿ ಅಮ್ಮಾರ?"

"ನಾನರಿ ಮೇಡಮ್," ಎಂದು ಆ ದನಿಯಲ್ಲೇ "ಬಂಧುಗಳೇ" ಎಂದೆ. ಯಾರೂ ನಗಲಿಲ್ಲ. ಅವ್ವ ನನ್ನನ್ನು ನೋಡಿ, ಆಮೇಲೆ ಗೋಡೆ ನೋಡಿದಳು.

"ಯಾವ ಕೊಬ್ಬು ಚರ್ಮಕ್ಕ ಒಳ್ಳೇದು, ಯಾವುದು ಕ್ಯಾನ್ಸರಿಗೆ ದಾರಿ, ಇನ್ನೂ ಹುಡುಕಾಕತ್ತಾರ. ಗಟ್ಟಿ ಉತ್ತರ ಇಲ್ಲ," ಎಂದರು ಡಾಕ್ಟರು. "ಕರಿದದ್ದು ಕಡಿಮಿ ಮಾಡ್ರಿ, ಬ್ಯಾಡ ಅನ್ನಂಗಿಲ್ಲ. ಪೂರಾ ಎಣ್ಣಿ ಬಿಟ್ರ ಚರ್ಮ ಒಣಗತೈತಿ, ಹುಣ್ಣಲ್ಲ. ಇದು ಎಣ್ಣಿ ಮಾಡಿದ್ದಲ್ರಿ, ಲಾಡಿ ಮಾಡಿದ್ದು."

ಹುಣ್ಣಿನ ಚೂರು ಪರೀಕ್ಷೆಗೆ ಹೋಯಿತು. ಅಂದಿನಿಂದ ಅವ್ವ ನನ್ನ ಜೊತೆ ಮಾತು ಬಿಟ್ಟಳು; ಪಲ್ಯಕ್ಕೆ ಮಾತ್ರ ಮತ್ತೆ ಒಗ್ಗರಣೆ ಬಿತ್ತು. ಬಂದದ್ದು ಕ್ಯಾನ್ಸರೇ, ಆದರೆ ಶುರುವಿನದು. ಹುಬ್ಬಳ್ಳಿಯಲ್ಲಿ ಕತ್ತರಿಸಿ ತೆಗೆದು ಹೊಲಿಗೆ ಹಾಕಿದರು.

ಹೊಲಿಗೆ ಬಿಚ್ಚಿ ಬಂದ ದಿನ ಅವ್ವ ಬಾಯಿ ಬಿಟ್ಟಳು. "ನಿಮ್ಮ ಚಿಗವ್ವ ಫೋನಿನ್ಯಾಗ ಹೇಳಿದ್ರ ಕೇಳವಲ್ಲಳು. ಡಾಕ್ಟ್ರು ಹೇಳ್ಯಾರ, ಮೂರು ತಿಂಗಳು ತುಂಬ್ಲಿ ಅಂತಾಳ. ಇನ್ನೊಂದು ಮೆಸೇಜ್ ಕಳಸು."

"ನನ್ನ ದನ್ಯಾಗ ಹೇಳ್ತೇನಿ ತಗೊ."

"ನಿನ್ನ ದನಿ ಯಾರು ನಂಬ್ತಾರಲೇ? ಡಾಕ್ಟ್ರದು ತಗಿ."

ಆ ಗಂಭೀರ ದನಿಯಲ್ಲಿ ಶುರು ಮಾಡಿದೆ: "ಬಂಧುಗಳೇ, ನಾನು ಡಾಕ್ಟರೇ ಅಲ್ಲ." ಅವ್ವ ಫೋನು ಕಸಿದುಕೊಂಡಳು. ಸೊಂಟದ ಮಾತು ಮನೆಯಲ್ಲೇ ಆಡದವಳು, ಇಡೀ ಬಳಗಕ್ಕೆ ಹೇಳಿದಳು: "ಹುಣ್ಣು ನನಗಾಗಿತ್ತು. ಲಾಡಿ ಸಡ್ಲ ಕಟ್ಟಿಕೊಳ್ರಿ. ಮಾಯದ್ದು ಏನರ ಇದ್ರ ನಾಚ್ಕೋಬ್ಯಾಡ್ರಿ, ತೋರಸ್ರಿ."

ಮೊದಲ ಉತ್ತರ ಮಾವನದು: "ಭಪ್ಪರೇ ಅಳಿಯಾ! ಥೇಟ್ ನಮ್ಮಕ್ಕನ ದನಿ ತಗದೀಯಲ್ಲೋ!" ಅದರ ಕೆಳಗೆ ಚಿಗವ್ವ ನಗುವ ಮುಖಗಳನ್ನು ಕಳಿಸಿದ್ದಳು.

ಮರುದಿನ ಅವ್ವ ರಟ್ಟೀಹಳ್ಳಿಯ ಬಸ್ಸು ಹತ್ತಿದಳು, ತಂಗಿಗೆ ಹೊಲಿಗೆಯ ಗುರುತು ತೋರಿಸಲು. ನನ್ನನ್ನೂ ಕರೆದೊಯ್ದಳು; ದಾರಿಯುದ್ದಕ್ಕೂ ಬಾಯಿ ತೆರೆಯಬಾರದೆಂಬ ಷರತ್ತಿನ ಮೇಲೆ.